ಮಕ್ಕಳ ಬಾಯಿಗೆ ಚಿತ್ತಭ್ರಮೆಯ ಗುಳಿಗೆ

(ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿಗಳಲ್ಲಿ ಕಾರ್ಮಿಕರ ಹಾಗೂ ಚಿಕ್ಕ ವ್ಯಾಪಾರಸ್ಥರ ಸಭೆಗಳಲ್ಲಿ ಮಾಡಿದ ಭಾಷಣ)



ಪಗಾರ, ಬೋನಸ್ಸು, ತೆರಿಗೆ, ಬಾಡಿಗೆ ಇವುಗಳ ಮಾತು ಕೇಳಿ ರೂಢಿಯಾದ ತಮಗೆ ಇಂದಿನ ವಿಷಯ ತುಸು ವಿಚಿತ್ರವೆನಿಸಬಹುದು. ಮಕ್ಕಳಿಗೆ ಕೊಡುವ ಒಂದು ಜಾತಿಯ ಗುಳಿಗೆಯ ಬಗ್ಗೆ ನಾವು ಮಾತನಾಡುವವರಿದ್ದೇವೆ. ಈ ಗುಳಿಗೆ ಎಲ್ಲೋ ಪ್ಯಾರಿಸ್ಸಿನಲ್ಲಿ ಹುಟ್ಟಿ, ಅಮೇರಿಕದಲ್ಲಿ ಬೆಳೆದು, ಇಂದು ನಮ್ಮ ತಾಲೂಕಿನ ಔಷಧಿ ಅಂಗಡಿಯ ಕಪಾಟಿಗೂ ಬಂದು ಕುಳಿತಿದೆ. ಅದು ಯಾರ ಮಗುವಿಗೆ ಬೇಕು, ಯಾರ ಮಗುವಿಗೆ ಬೇಡ, ಅದನ್ನು ಗೊತ್ತು ಮಾಡುವವರು ಯಾರು ಎಂಬ ಪ್ರಶ್ನೆ ಡಾಕ್ಟರರಿಗಷ್ಟೇ ಸೇರಿದ್ದಲ್ಲ, ಹೆತ್ತವರಿಗೂ ಸೇರಿದ್ದು.

ನಾವು ಡಾಕ್ಟರರಲ್ಲ. ಮ್ಯಾಟ್ರಿಕ್ ಮುಗಿಸಿ ಕೆಲವು ವರ್ಷ ಮಾಸ್ತರಿಕೆ ಮಾಡಿದವರು. ಆದರೆ ಮಾಸ್ತರಿಕೆ ಮಾಡಿದ ಯಾರಿಗೂ ಒಂದು ಸಂಗತಿ ತಿಳಿದಿರುತ್ತದೆ. ನಲವತ್ತು ಮಕ್ಕಳ ವರ್ಗದಲ್ಲಿ ಒಬ್ಬಿಬ್ಬರಾದರೂ ಕುಳಿತಲ್ಲಿ ಕೂಡದವರು ಇರುತ್ತಾರೆ. ಒಬ್ಬ ಪಕ್ಕದವನನ್ನು ಹೊಡೆಯುತ್ತಾನೆ, ಇನ್ನೊಬ್ಬ ಯಾರ ಮುಖವನ್ನೂ ನೋಡದೆ ತನ್ನಷ್ಟಕ್ಕೆ ತಾನು ತೂಗಾಡುತ್ತಾನೆ. ಒಂದು ಹುಡುಗಿ ಹದಿನಾಲ್ಕು ತುಂಬುವವರೆಗೆ ಚೆನ್ನಾಗಿದ್ದು ಒಮ್ಮೆಲೇ ಯಾರೋ ತನ್ನನ್ನು ಕರೆಯುತ್ತಿದ್ದಾರೆ ಎನ್ನತೊಡಗುತ್ತಾಳೆ. ಇವು ಬೇರೆ ಬೇರೆ ಸಂಗತಿಗಳು. ಬೇರೆ ಬೇರೆ ಎಂದು ತಿಳಿಯಲು ವೇಳೆ ಬೇಕು, ವಿದ್ಯೆ ಬೇಕು. ವೇಳೆಯೂ ಇಲ್ಲದೆ ವಿದ್ಯೆಯೂ ಇಲ್ಲದೆ ಎಲ್ಲರಿಗೂ ಒಂದೇ ಗುಳಿಗೆ ಕೊಟ್ಟರೆ ಏನಾದೀತು? ಲೋಕದ ದೊಡ್ಡ ದೊಡ್ಡ ದೇಶಗಳಲ್ಲಿ ಏನಾಯಿತೆಂಬುದನ್ನು ಮೊದಲು ನೋಡೋಣ.

ಗುಳಿಗೆಯ ಹುಟ್ಟು

ಡಾಕ್ಟರರು ಈ ಔಷಧಗಳಿಗೆ ಆಂಟಿಸೈಕೋಟಿಕ್ ಎನ್ನುತ್ತಾರೆ. ಇಲ್ಲದ ಧ್ವನಿ ಕೇಳುವುದು, ಇಲ್ಲದ ವೈರಿಯನ್ನು ಕಾಣುವುದು, ಇಂಥ ಚಿತ್ತಭ್ರಮೆಯ ರೋಗಕ್ಕೆ ಇವು ಬಂದವು. ನಾವು ಚಿತ್ತಭ್ರಮೆಯ ಗುಳಿಗೆ ಎನ್ನೋಣ.

ಇವುಗಳ ಕಥೆಯಲ್ಲಿ ನಮ್ಮ ದೇಶದ ಪಾಲೂ ಉಂಟು. ಸರ್ಪಗಂಧಿಯ ಬೇರನ್ನು ನಮ್ಮ ವೈದ್ಯರು ಬಹು ಹಿಂದಿನಿಂದ ಬಲ್ಲರು. ೧೯೩೧ರಲ್ಲಿ ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ಇಬ್ಬರು ವೈದ್ಯರು ಆ ಬೇರು ಹುಚ್ಚಿಗೂ ರಕ್ತದೊತ್ತಡಕ್ಕೂ ಉಪಯೋಗವೆಂದು ಬರೆದರು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನ ಕಂಪನಿಯೊಂದು ಅದರ ಸತ್ವ ತೆಗೆದು ರೆಸರ್ಪಿನ್ ಎಂದು ಹೆಸರಿಟ್ಟಿತು. ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಇನ್ನೊಂದು ಔಷಧ ತಯಾರಾಗಿತ್ತು. ೧೯೫೦ರ ಡಿಸೆಂಬರಿನಲ್ಲಿ ಹುಟ್ಟಿದ ಕ್ಲೋರ್‌ಪ್ರೊಮಝಿನ್ ಎಂಬ ಆ ಔಷಧವನ್ನು ೧೯೫೨ರಲ್ಲಿ ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಡಿಲೇ ಮತ್ತು ಡೆನಿಕರ್ ಎಂಬ ವೈದ್ಯರು ರೋಗಿಗಳಿಗೆ ಕೊಟ್ಟು ನೋಡಿದರು. ಅಲ್ಲಿಯ ವರೆಗೆ ಹುಚ್ಚಾಸ್ಪತ್ರೆಯೆಂದರೆ ಸರಪಳಿ, ಕತ್ತಲೆ ಕೋಣೆ, ಹುಯಿಲು. ಗುಳಿಗೆ ಬಂದ ಮೇಲೆ ಎಷ್ಟೋ ಜನರು ಮನೆಗೆ ಮರಳಿದರು. ಇದು ಚಿಕ್ಕ ಮಾತಲ್ಲ. ಮುಂದೆ ನಾವು ಏನೇ ಹೇಳಿದರೂ ಈ ಮಾತನ್ನು ತಾವು ಮರೆಯಬಾರದು.

೧೯೫೮ರಲ್ಲಿ ಬೆಲ್ಜಿಯಮಿನ ಪಾಲ್ ಯಾನ್ಸೆನ್ ಹೆಲೊಪೆರಿಡಾಲ್ ಕಂಡುಹಿಡಿದ. ೧೯೬೧ರಲ್ಲಿ ಅವನ ಕಂಪನಿಯನ್ನು ಅಮೇರಿಕದ ಜಾನ್ಸನ್ ಆ್ಯಂಡ್ ಜಾನ್ಸನ್ ಕೊಂಡುಕೊಂಡಿತು. ಅದೇ ಮನೆತನದಿಂದ ಬಂದ ರಿಸ್ಪೆರಿಡೋನ್ ಎಂಬ ಹೊಸ ಗುಳಿಗೆಗೆ ೧೯೯೩ರ ಕೊನೆಯಲ್ಲಿ ಅಮೇರಿಕದ ಸರಕಾರ ಪರವಾನಿಗೆ ಕೊಟ್ಟಿತು. ಅದರ ಬೆನ್ನಿಗೆ ಓಲಾಂಝಪಿನ್, ಕ್ವೆಟಿಯಾಪಿನ್, ಅರಿಪಿಪ್ರಝೋಲ್ ಬಂದವು. ಇವೆಲ್ಲ ಬಂದದ್ದು ದೊಡ್ಡವರ ಚಿತ್ತಭ್ರಮೆಗೆ. ಮಕ್ಕಳಿಗೆ ಅಲ್ಲ.

ಈ ಗುಳಿಗೆ ಮಾಡುವುದೇನು? ಮಿದುಳಿನಲ್ಲಿ ಡೋಪಮಿನ್ ಎಂಬ ರಸವಿದೆ. ಒಂದು ನರದ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸುವ ಕೆಲಸ ಅದರದು. ಗುಳಿಗೆ ಆ ಸುದ್ದಿ ಮುಟ್ಟುವ ಬಾಗಿಲಿಗೆ ಅಗಳಿ ಹಾಕುತ್ತದೆ. ಗಿರಣಿಯವರಿಗೆ ತಿಳಿಯುವಂತೆ ಹೇಳುವುದಾದರೆ, ಒಂದು ಯಂತ್ರ ತಕರಾರು ಮಾಡಿದಾಗ ಅದರ ಕೆಟ್ಟ ಭಾಗವನ್ನು ಹುಡುಕಿ ದುರಸ್ತಿ ಮಾಡುವುದು ಒಂದು ರೀತಿ. ಇಡೀ ಖಾತೆಯ ವೇಗವನ್ನೇ ಇಳಿಸುವುದು ಇನ್ನೊಂದು ರೀತಿ. ಗುಳಿಗೆಯ ಕೆಲಸ ಎರಡನೆಯ ರೀತಿಯದು. ಯಂತ್ರ ಹೊತ್ತಿ ಉರಿಯುವ ಹೊತ್ತಿನಲ್ಲಿ ವೇಗ ಇಳಿಸಲೇಬೇಕು. ಆದರೆ ನೂಲು ತುಸು ತೊಡಕಾಯಿತೆಂದು ದಿನವೂ ಇಡೀ ಖಾತೆಯ ವೇಗ ಇಳಿಸುವ ಮೇಸ್ತ್ರಿಗೆ ತಾವು ಏನೆನ್ನುತ್ತೀರಿ?

ಲೆಕ್ಕ ಏನು ಹೇಳುತ್ತದೆ

ಅಮೇರಿಕದಲ್ಲಿ ೧೯೯೩ರಲ್ಲಿ, ಮಕ್ಕಳೂ ಇಪ್ಪತ್ತರೊಳಗಿನ ಹರೆಯದವರೂ ಡಾಕ್ಟರರ ಹತ್ತಿರ ಹೋಗಿ ಈ ಗುಳಿಗೆ ಬರೆಸಿಕೊಂಡ ಸಲಗಳು ಸುಮಾರು ೨ ಲಕ್ಷ. ೨೦೦೨ರಲ್ಲಿ ಅದೇ ಲೆಕ್ಕ ೧೨ ಲಕ್ಷ ದಾಟಿತು. ಒಂಬತ್ತು ವರ್ಷಗಳಲ್ಲಿ ಆರು ಪಟ್ಟು! ಅಷ್ಟರಲ್ಲಿ ಅಮೇರಿಕದ ಮಕ್ಕಳಲ್ಲಿ ಚಿತ್ತಭ್ರಮೆ ಆರು ಪಟ್ಟು ಹೆಚ್ಚಿತೇ? ಇಲ್ಲ. ಹೆಚ್ಚಿದ್ದು ಗುಳಿಗೆ ಬರೆಯುವ ಕಾರಣಗಳು. ಸಿಟ್ಟು, ಹಟ, ಚಂಚಲತೆ, ಹೊಡೆದಾಟ ಇವೆಲ್ಲ ಗುಳಿಗೆಯ ಯಾದಿಯೊಳಗೆ ಸೇರಿದವು. ಉನ್ಮಾದ ಮತ್ತು ಖಿನ್ನತೆ ಒಂದಾದ ಮೇಲೊಂದು ಬರುವ ಬೈಪೋಲಾರ್ ಎಂಬ ರೋಗ ಹಿಂದೆ ಮಕ್ಕಳಲ್ಲಿ ಬಹಳ ವಿರಳವೆನಿಸಿತ್ತು. ೧೯೯೪-೯೫ರಿಂದ ೨೦೦೨-೦೩ರ ವರೆಗೆ ಆ ರೋಗದ ಹೆಸರಿನಲ್ಲಿ ಮಕ್ಕಳು ಡಾಕ್ಟರರ ಹತ್ತಿರ ಹೋದ ಪ್ರಮಾಣ ಅಲ್ಲಿ ೪೦ ಪಟ್ಟು ಹೆಚ್ಚಿತು. ರೋಗ ಅಷ್ಟು ಬೇಗ ಬೆಳೆಯಲಾರದು. ರೋಗದ ಹೆಸರು ಮಾತ್ರ ಬೆಳೆದೀತು.

ಆ ಮೇಲೆ ಅಲ್ಲಿ ಗದ್ದಲವಾಯಿತು, ವಿಚಾರಣೆ ನಡೆಯಿತು, ಏರಿಕೆ ತಡೆಯಿತು. ೨೦೦೬ರಲ್ಲಿ ೭ರಿಂದ ೧೨ ವರ್ಷದ ಸಾವಿರ ಮಕ್ಕಳಲ್ಲಿ ಎಂಟೂವರೆ ಮಕ್ಕಳ ಪ್ರಮಾಣದಲ್ಲಿ ಗುಳಿಗೆ ನಡೆದಿದ್ದರೆ, ೨೦೧೦ರಲ್ಲಿ ಅದು ಎಂಟಕ್ಕೆ ಇಳಿಯಿತು. ಆದರೆ ೧೩ರಿಂದ ೧೮ರವರಲ್ಲಿ ಸಾವಿರಕ್ಕೆ ೧೧ ಇದ್ದದ್ದು ಸುಮಾರು ೧೨ ಆಯಿತು. ಇಂಗ್ಲಂಡಿನಲ್ಲಿ ಪ್ರಮಾಣ ಇದಕ್ಕಿಂತ ಬಹಳ ಕಡಿಮೆ. ಆದರೂ ಅಲ್ಲಿ ೩ರಿಂದ ೧೮ ವರ್ಷದವರಲ್ಲಿ ೨೦೦೦ದಲ್ಲಿ ಹತ್ತು ಸಾವಿರಕ್ಕೆ ೬ ಇದ್ದದ್ದು ೨೦೧೯ರಲ್ಲಿ ೧೧ಕ್ಕೆ ಏರಿತು. ಡೆನ್ಮಾರ್ಕ್, ಜರ್ಮನಿಗಳಲ್ಲಿಯೂ ಏರಿಕೆ ಕಂಡುಬಂತು. ಒಂದೇ ರೋಗ, ಒಂದೇ ಮನುಷ್ಯ ಜಾತಿ. ದೇಶ ಬದಲಾದಂತೆ ಗುಳಿಗೆಯ ಪ್ರಮಾಣ ಬದಲಾಗುತ್ತದೆ. ಅಂದ ಮೇಲೆ ಗುಳಿಗೆಯ ಲೆಕ್ಕವನ್ನು ಮಗುವಿನ ಮಿದುಳೊಂದೇ ಗೊತ್ತು ಮಾಡುವುದಿಲ್ಲ. ಆಯಾ ದೇಶದ ರೀತಿ, ರೊಕ್ಕ, ಕಾಯದೆ ಇವೂ ಗೊತ್ತು ಮಾಡುತ್ತವೆ.

ಯಾರ ಮಕ್ಕಳಿಗೆ ಹೆಚ್ಚು?

ಈಗ ನಮ್ಮ ಕಿವಿ ಚುರುಕಾಗಬೇಕಾದ ಮಾತಿಗೆ ಬರುತ್ತೇವೆ. ಅಮೇರಿಕದಲ್ಲಿ ಬಡವರ ಔಷಧೋಪಚಾರದ ಖರ್ಚು ಕೊಡಲು ಮೆಡಿಕೇಡ್ ಎಂಬ ಸರಕಾರಿ ಯೋಜನೆ ಇದೆ. ಅನುಕೂಲಸ್ಥರು ಖಾಸಗಿ ವಿಮೆ ಮಾಡಿಸುತ್ತಾರೆ. ೨೦೦೯ರಲ್ಲಿ ಅಲ್ಲಿಯ ಸಂಶೋಧಕರು ಎರಡೂ ಕಡೆಯ ಮಕ್ಕಳ ಲೆಕ್ಕ ತೆಗೆದಾಗ, ಮೆಡಿಕೇಡಿನ ಮಕ್ಕಳಿಗೆ ಈ ಗುಳಿಗೆ ನಾಲ್ಕು ಪಟ್ಟು ಹೆಚ್ಚು ಸಲ್ಲುತ್ತಿತ್ತು. ತಂದೆತಾಯಿಯ ಆಸರೆ ತಪ್ಪಿ ಸರಕಾರದ ಪಾಲನೆಯಲ್ಲಿ ಬೇರೆಯವರ ಮನೆಯಲ್ಲಿ ಬೆಳೆಯುವ ಮಕ್ಕಳ ಸ್ಥಿತಿಯನ್ನು ೨೦೧೧ರಲ್ಲಿ ಅಲ್ಲಿಯ ಸಂಸತ್ತಿನ ಲೆಕ್ಕ ತಪಾಸಣೆಯ ಕಚೇರಿ ಐದು ರಾಜ್ಯಗಳಲ್ಲಿ ಪರೀಕ್ಷಿಸಿತು. ಆ ಮಕ್ಕಳಿಗೆ ಮನೋರೋಗದ ಔಷಧಗಳು ಮೆಡಿಕೇಡಿನ ಉಳಿದ ಮಕ್ಕಳಿಗಿಂತ ೨.೭ರಿಂದ ೪.೫ ಪಟ್ಟು ಹೆಚ್ಚು ದೊರೆಯುತ್ತಿದ್ದವು.

ಕೆಲವರು ಹೇಳಿಯಾರು: ಬಡವರ ಮಕ್ಕಳಿಗೆ ಕಷ್ಟ ಹೆಚ್ಚು, ಆದ್ದರಿಂದ ರೋಗವೂ ಹೆಚ್ಚು. ಈ ಮಾತಿನಲ್ಲಿ ಸತ್ಯಾಂಶವಿದೆ. ಹೊಡೆತ ತಿಂದ ಮಗು, ಹಸಿದ ಮಗು, ತಾಯಿಯನ್ನು ಕಳೆದುಕೊಂಡ ಮಗು ಸಿಡುಕುತ್ತದೆ, ಕಿರಿಚುತ್ತದೆ. ಆದರೆ ಆ ದುಃಖಕ್ಕೆ ಬೇಕಾದದ್ದು ಎದುರು ಕುಳಿತು ಕೇಳುವ ಮನುಷ್ಯ. ಅಂಥವನು ಒಂದು ಮಗುವಿನೊಡನೆ ತಾಸುಗಟ್ಟಲೆ ಕುಳಿತುಕೊಳ್ಳಬೇಕು. ತಾಸಿನ ಖರ್ಚು ದೊಡ್ಡದು. ಗುಳಿಗೆ ಬರೆಯಲು ಐದು ನಿಮಿಷ ಸಾಕು. ಬಡವರ ಪಾಲಿಗೆ ಐದು ನಿಮಿಷ ಬಂದವು.

ಕಂಪನಿಯ ಕೈವಾಡ

ಯಾವ ರೋಗಕ್ಕೆ, ಯಾವ ವಯಸ್ಸಿಗೆ ಪರವಾನಿಗೆ ಸಿಕ್ಕಿದೆಯೋ ಅಷ್ಟಕ್ಕೇ ಕಂಪನಿ ತನ್ನ ಔಷಧದ ಪ್ರಚಾರ ಮಾಡಬೇಕೆಂಬುದು ಅಮೇರಿಕದ ಕಾಯದೆ. ಡಾಕ್ಟರನು ತನ್ನ ವಿವೇಚನೆಯಿಂದ ಬೇರೆ ರೋಗಕ್ಕೆ ಬರೆಯಬಹುದು. ಕಂಪನಿ ಮಾತ್ರ ಹಾಗೆ ಮಾಡಿರೆಂದು ಬಾಗಿಲು ಬಾಗಿಲಿಗೆ ಹೋಗಿ ಹೇಳಕೂಡದು. ಈ ಗೆರೆ ದಾಟಿದ ಆಪಾದನೆಯ ಮೇಲೆ ೨೦೦೭ರಲ್ಲಿ ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್ ಕಂಪನಿ ೫೧.೫ ಕೋಟಿ ಡಾಲರಿಗೆ ಮಿಕ್ಕಿ, ೨೦೧೦ರಲ್ಲಿ ಆಸ್ಟ್ರಾಝೆನೆಕಾ ೫೨ ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡವು. ಎರಡೂ ಪ್ರಕರಣಗಳಲ್ಲಿ ಮಕ್ಕಳಿಗೆ ಬರೆಯಿಸಿದ ಮಾತು ಇತ್ತು. ೨೦೧೩ರ ನವೆಂಬರಿನಲ್ಲಿ ಜಾನ್ಸನ್ ಆ್ಯಂಡ್ ಜಾನ್ಸನ್ ರಿಸ್ಪೆರಿಡೋನ್ ಮತ್ತಿತರ ಔಷಧಗಳ ಬಗ್ಗೆ ೨೨೦ ಕೋಟಿ ಡಾಲರಿಗೂ ಮಿಕ್ಕಿ ಕೊಡಲು ಒಪ್ಪಿತು. ಆಗಿನ ದರದಲ್ಲಿ ಹದಿಮೂರು ಸಾವಿರ ಕೋಟಿ ರೂಪಾಯಿಗೂ ಹೆಚ್ಚು! ಮಕ್ಕಳ ವಿಷಯದ ಆಪಾದನೆಯನ್ನು ಕಂಪನಿ ಒಪ್ಪಲಿಲ್ಲ, ಹಣ ಕೊಟ್ಟಿತು.

ಗೋಕಾಕದವರಿಗೆ ಇನ್ನೊಂದು ಸಂಗತಿ ಹೇಳಬೇಕು. ನಮ್ಮೂರಿನ ಕುಶಲಕರ್ಮಿಗಳು ಕಟ್ಟಿಗೆಯಲ್ಲಿ ಹಣ್ಣು, ಪಕ್ಷಿ, ದೇವರ ಗೊಂಬೆ ಮಾಡಿ ಹೆಸರು ಪಡೆದವರು. ಆ ಗೊಂಬೆ ಮಗುವಿನ ಆಟಕ್ಕೆ, ಮನೆಯ ಅಂದಕ್ಕೆ. ಅಮೇರಿಕದಲ್ಲಿ ಡಾಕ್ಟರರ ದವಾಖಾನೆಗಳಿಗೆ ಹಂಚಲಾದ ಆಟದ ಇಟ್ಟಿಗೆಗಳ ಮೇಲೆ ಕಂಪನಿಯ ಗುಳಿಗೆಯ ಹೆಸರು ಅಚ್ಚಾಗಿತ್ತು. ಅವು ಮಕ್ಕಳ ಆಟಕ್ಕಲ್ಲ, ಡಾಕ್ಟರರಿಗೆ ನೆನಪಿಗಾಗಿ ಕೊಟ್ಟವು ಎಂದು ಕಂಪನಿ ಆ ಮೇಲೆ ಹೇಳಿತು, ಕೊಡುವುದನ್ನೂ ನಿಲ್ಲಿಸಿತು. ಆಟದ ಸಾಮಾನು ಯಾರ ಕೈಗೆ ಹೋಗುತ್ತದೆಂಬುದು ಗೋಕಾಕದ ಯಾವ ಗೊಂಬೆ ಮಾಡುವವನಿಗೂ ಗೊತ್ತು.

ನಮ್ಮ ದೇಶದಲ್ಲಿ ಏನಿದೆ? ಔಷಧ ಕಂಪನಿಗಳು ಡಾಕ್ಟರರಿಗೆ ಉಡುಗೊರೆ, ಪ್ರವಾಸ ಕೊಡಬಾರದೆಂಬ ನಿಯಮಾವಳಿಯನ್ನು ಕೇಂದ್ರ ಸರಕಾರ ೨೦೨೪ರ ಮಾರ್ಚಿನಲ್ಲಿ ಹೊರಡಿಸಿತು. ಒಳ್ಳೆಯದೇ. ಆದರೆ ಅದು ಸಂಸತ್ತು ಮಾಡಿದ ಕಾಯದೆಯಲ್ಲ. ತಪ್ಪಿದವರ ವಿಚಾರಣೆಯೂ ಮೊದಲು ಕಂಪನಿಗಳ ಸಂಘಗಳ ಸಮಿತಿಯ ಮುಂದೆಯೇ. ಪೇಟೆಯ ಮಿತ್ರರೇ, ತಮ್ಮ ತೂಕದ ಕಲ್ಲು ತುಸು ಸವೆದಿದ್ದರೆ ಇನ್ಸ್‌ಪೆಕ್ಟರನು ಬಂದು ದಂಡ ಹಾಕುತ್ತಾನೆ. ವ್ಯಾಪಾರಸ್ಥರ ಸಂಘ ವಿಚಾರಿಸಲಿ ಎಂದು ಬಿಡುವುದಿಲ್ಲ.

ಗುಳಿಗೆಯ ಗುಣ, ಗುಳಿಗೆಯ ಕೇಡು

ಹಾಗಾದರೆ ಗುಳಿಗೆ ವಿಷವೇ? ಅಲ್ಲ. ಹದಿಹರೆಯದಲ್ಲಿ ನಿಜವಾದ ಚಿತ್ತಭ್ರಮೆ ಬಂದರೆ ಈ ಗುಳಿಗೆಯೇ ಮುಖ್ಯ ಆಧಾರ. ಆಟಿಸಂ ಇದ್ದ ಮಕ್ಕಳಲ್ಲಿ ಕೆಲವರು ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಾರೆ, ಕೈ ಕಚ್ಚಿಕೊಳ್ಳುತ್ತಾರೆ. ೨೦೦೨ರಲ್ಲಿ ಅಮೇರಿಕದಲ್ಲಿ ಇಂಥ ೧೦೧ ಮಕ್ಕಳ ಪರೀಕ್ಷೆ ನಡೆಯಿತು. ಎಂಟು ವಾರಗಳಲ್ಲಿ ರಿಸ್ಪೆರಿಡೋನ್ ಪಡೆದ ನೂರಕ್ಕೆ ೬೯ ಮಕ್ಕಳಿಗೆ ಗುಣ ಕಂಡಿತು. ಔಷಧವಿಲ್ಲದ ಸಪ್ಪೆ ಗುಳಿಗೆ ಪಡೆದವರಲ್ಲಿ ನೂರಕ್ಕೆ ೧೨ಕ್ಕೆ ಮಾತ್ರ. ೨೦೦೬ರಲ್ಲಿ ಅಲ್ಲಿಯ ಸರಕಾರ ಆಟಿಸಂ ಮಕ್ಕಳ ಈ ಉದ್ರೇಕಕ್ಕೆ ಪರವಾನಿಗೆ ಕೊಟ್ಟಿತು. ಆದರೆ ಗುಳಿಗೆ ಉದ್ರೇಕ ತಗ್ಗಿಸುತ್ತದೆಯೇ ಹೊರತು ಮಾತು ಬಾರದ ಮಗುವಿಗೆ ಮಾತು ಕಲಿಸುವುದಿಲ್ಲ, ಬುದ್ಧಿಮಾಂದ್ಯ ಕಳೆಯುವುದಿಲ್ಲ. ಹಾಗೆಂದು ಹೇಳಿ ಯಾರಾದರೂ ಗುಳಿಗೆ ಕೊಟ್ಟರೆ ಅವರ ಮಾತು ನಂಬಬೇಡಿರಿ.

ಇನ್ನು ಕೇಡಿನ ಮಾತು. ೨೦೦೯ರಲ್ಲಿ ಪ್ರಕಟವಾದ ಒಂದು ಅಭ್ಯಾಸದಲ್ಲಿ ಮೊದಲ ಸಲ ಈ ಗುಳಿಗೆ ಹಿಡಿದ ೪ರಿಂದ ೧೯ ವರ್ಷದವರನ್ನು ತೂಕ ಮಾಡಿ ನೋಡಿದರು. ಸುಮಾರು ಹನ್ನೊಂದು ವಾರಗಳಲ್ಲಿ ಓಲಾಂಝಪಿನ್ ತಿಂದವರ ತೂಕ ಸರಾಸರಿ ಎಂಟೂವರೆ ಕಿಲೋ, ರಿಸ್ಪೆರಿಡೋನ್ ತಿಂದವರದು ಐದು ಕಿಲೋಗೂ ಮಿಕ್ಕಿ ಏರಿತ್ತು. ನಮ್ಮ ಕಡೆ ಮಗು ದಪ್ಪಗಾದರೆ ಮೈತುಂಬಿಕೊಂಡಿತೆಂದು ಸಂತೋಷಪಡುತ್ತೇವೆ. ಈ ತೂಕ ಆ ಜಾತಿಯದಲ್ಲ. ಇದರ ಹಿಂದೆಯೇ ಸಕ್ಕರೆ ಕಾಯಿಲೆ, ರಕ್ತದಲ್ಲಿ ಕೊಬ್ಬು ಬರುವ ಭಯವಿದೆ. ಕೆಲವು ಗಂಡುಹುಡುಗರಿಗೆ ಎದೆ ಬೆಳೆಯುತ್ತದೆ. ಹುಡುಗಿಯರ ಮುಟ್ಟು ತಪ್ಪುತ್ತದೆ. ವರ್ಷಗಟ್ಟಲೆ ತಿಂದವರಲ್ಲಿ ಕೆಲವರಿಗೆ ಬಾಯಿ, ನಾಲಿಗೆ ತಾವಾಗಿಯೇ ಅಲುಗಾಡುವ ರೋಗ ಹತ್ತುತ್ತದೆ.

ಇನ್ನೊಂದನ್ನು ತಾಯಂದಿರು ಅವಶ್ಯವಾಗಿ ನೆನಪಿಡಬೇಕು. ಗುಳಿಗೆ ಆರಂಭಿಸಿದ ಮೊದಲ ದಿನಗಳಲ್ಲಿ, ವಿಶೇಷವಾಗಿ ಹೆಲೊಪೆರಿಡಾಲಿನಂಥ ಹಳೆಯ ಔಷಧದಿಂದ, ಮಗುವಿನ ಕುತ್ತಿಗೆ ಒಂದು ಕಡೆ ತಿರುಚಿಕೊಳ್ಳಬಹುದು, ಕಣ್ಣುಗುಡ್ಡೆ ಮೇಲೆ ಹೋಗಿ ನಿಲ್ಲಬಹುದು, ನಾಲಿಗೆ ಹೊರಳಬಹುದು. ನೋಡಿದವರು ದೆವ್ವ ಬಡಿಯಿತೆಂದು ತಾಯತ ಕಟ್ಟಿಸಲು ಓಡುತ್ತಾರೆ. ಅದು ದೆವ್ವವಲ್ಲ, ಔಷಧದ ಪರಿಣಾಮ. ಕೂಡಲೇ ದವಾಖಾನೆಗೆ ಒಯ್ದರೆ ಒಂದು ಇಂಜೆಕ್ಷನ್ನಿನಿಂದ ಬಹಳ ಸಲ ಸ್ವಲ್ಪ ಹೊತ್ತಿನಲ್ಲಿಯೇ ಸರಿಹೋಗುತ್ತದೆ.

ನಮ್ಮ ಕಡೆಯ ಸ್ಥಿತಿ

ಅಮೇರಿಕದವರ ಸಂಕಟ ಅತಿಯಾದ ಗುಳಿಗೆಯದು. ನಮ್ಮ ಸಂಕಟ ಎರಡು ತೆರನಾದದ್ದು. ಬೇಕಾದ ಮಗುವಿಗೆ ಡಾಕ್ಟರನೇ ಇಲ್ಲ. ಬೇಡದ ಮಗುವಿಗೆ ಗುಳಿಗೆ ಸುಲಭವಾಗಿ ಸಿಗುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೨೦೧೫-೧೬ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ೧೩ರಿಂದ ೧೭ ವರ್ಷದವರಲ್ಲಿ ನೂರಕ್ಕೆ ಏಳಕ್ಕಿಂತ ಹೆಚ್ಚು ಜನರಿಗೆ ಒಂದಿಲ್ಲೊಂದು ಮಾನಸಿಕ ತೊಂದರೆ ಕಂಡುಬಂತು. ಮನೋರೋಗದ ಡಾಕ್ಟರರು ನಮ್ಮ ದೇಶದಲ್ಲಿ ಲಕ್ಷ ಜನರಿಗೆ ಒಬ್ಬರೂ ಬರುವುದಿಲ್ಲ. ಮಕ್ಕಳ ಮನಸ್ಸನ್ನೇ ಓದಿದವರಂತೂ ದೊಡ್ಡ ಶಹರಗಳಲ್ಲಿ ಬೆರಳೆಣಿಕೆ. ಗೋಕಾಕದ ಕಾರ್ಮಿಕ ತನ್ನ ಮಗನನ್ನು ಧಾರವಾಡದ ಡಿಮ್ಹಾನ್ಸಿಗೆ ಒಯ್ಯಬೇಕಾದರೆ ಒಂದು ದಿನದ ಪಗಾರ ಬಿಡಬೇಕು, ಬಸ್ಸಿನ ಖರ್ಚು ಹಾಕಬೇಕು. ತಿಂಗಳಿಗೊಮ್ಮೆ ಹೀಗೆ ಹೋಗಲಾರದವನು ಹಳೆಯ ಚೀಟಿ ತೋರಿಸಿ ಇಲ್ಲಿಯೇ ಗುಳಿಗೆ ತರುತ್ತಾನೆ. ಎರಡು ತಿಂಗಳಿಗೆಂದು ಬರೆದದ್ದು ಎರಡು ವರ್ಷ ನಡೆಯುತ್ತದೆ. ಯಾರೂ ಮಗುವನ್ನು ತೂಕ ಮಾಡಿರುವುದಿಲ್ಲ, ಸಕ್ಕರೆ ನೋಡಿರುವುದಿಲ್ಲ. ಅವನನ್ನು ನಾವು ಬೈಯುವುದಿಲ್ಲ. ಬಡವನ ದಾರಿ ಅಷ್ಟೇ ಉದ್ದವಿತ್ತು.

ಔಷಧಿ ಅಂಗಡಿಯ ಮಿತ್ರರೇ, ಇವು ಷೆಡ್ಯೂಲ್ ಎಚ್ ಯಾದಿಯ ಔಷಧಗಳು. ಡಾಕ್ಟರರ ಚೀಟಿ ಇಲ್ಲದೆ ಕೊಡಕೂಡದೆಂದು ಕಾಯದೆ. ಗಿರಾಕಿ ನೆರೆಯವನೇ ಆಗಿರಬಹುದು, ಬೇಡವೆನ್ನಲು ಸಂಕೋಚವಾಗಬಹುದು. ಆದರೂ ಹಳೆಯ ಚೀಟಿ ಕಂಡಾಗ, “ಮತ್ತೊಮ್ಮೆ ತೋರಿಸಿಕೊಂಡು ಬರ್ರಿ” ಎಂದು ಹೇಳುವ ಅಂಗಡಿಕಾರನು ಒಂದು ಮಗುವಿನ ಕಾವಲುಗಾರ.

ಏನು ಕೇಳಬೇಕು, ಏನು ಮಾಡಬೇಕು

ಡಾಕ್ಟರರು ಮಗುವಿಗೆ ಈ ಗುಳಿಗೆ ಬರೆದರೆ ಅಂಜದೆ ಕೆಲವು ಮಾತು ಕೇಳಿರಿ. ರೋಗದ ಹೆಸರೇನು? ಗುಳಿಗೆಯಿಂದ ಯಾವ ತೊಂದರೆ ಕಡಿಮೆಯಾಗಬೇಕು? ಎಷ್ಟು ದಿನದಲ್ಲಿ ಗೊತ್ತಾಗುತ್ತದೆ? ಯಾವಾಗ ನಿಲ್ಲಿಸುವ ವಿಚಾರ ಮಾಡುತ್ತೀರಿ? ಗುಳಿಗೆಯ ಜೊತೆಗೆ ಮನೆಯಲ್ಲಿ, ಶಾಲೆಯಲ್ಲಿ ನಾವು ಮಾಡಬೇಕಾದದ್ದೇನು? ಒಳ್ಳೆಯ ಡಾಕ್ಟರನು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ.

ಗುಳಿಗೆ ಆರಂಭಿಸುವ ಮುಂಚೆ ಮಗುವಿನ ತೂಕ, ಎತ್ತರ, ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ, ಕೊಬ್ಬು ಬರೆಸಿಡಿರಿ. ಮೂರು ತಿಂಗಳಿಗೆ ಮತ್ತೆ ಮಾಡಿಸಿರಿ. ತೂಕವನ್ನು ತಿಂಗಳಿಗೊಮ್ಮೆ ನೋಡಲು ಡಾಕ್ಟರರೂ ಬೇಡ. ತಕ್ಕಡಿ ಇದ್ದ ಯಾವ ಅಂಗಡಿಯವನಾದರೂ ನೋಡಿ ಹೇಳಬಲ್ಲ.

ಮಗುವಿಗೆ ತಿಳಿಯದಂತೆ ಚಹದಲ್ಲಿ, ಹಾಲಿನಲ್ಲಿ ಔಷಧ ಬೆರೆಸಬೇಡಿರಿ. ಒಬ್ಬರ ಗುಳಿಗೆಯನ್ನು ಇನ್ನೊಬ್ಬರಿಗೆ ಕೊಡಬೇಡಿರಿ. ಎಲ್ಲಕ್ಕೂ ಮಿಗಿಲಾಗಿ, ನಮ್ಮ ಈ ಭಾಷಣ ಕೇಳಿ ಮನೆಗೆ ಹೋಗಿ ನಡೆಯುತ್ತಿರುವ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಬೇಡಿರಿ. ಒಮ್ಮೆಲೇ ನಿಲ್ಲಿಸಿದರೆ ರೋಗ ತಿರುಗಿ ಜೋರಾದೀತು. ಇಳಿಸಬೇಕಾದರೆ ಡಾಕ್ಟರರೇ ಮೆಲ್ಲಮೆಲ್ಲನೆ ಇಳಿಸಬೇಕು. ದೂರ ಹೋಗಲಾಗದವರು ೧೪೪೧೬ ಎಂಬ ನಂಬರಿಗೆ ಫೋನು ಮಾಡಬಹುದು. ಅದು ಟೆಲಿ ಮಾನಸ್ ಎಂಬ ಸರಕಾರದ ಪುಕ್ಕಟೆ ಸೇವೆ, ೨೦೨೨ರ ಅಕ್ಟೋಬರಿನಿಂದ ನಡೆದಿದೆ, ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಕಾಯದೆಯೂ ತಮ್ಮ ಪರವಾಗಿದೆ. ೨೦೧೭ರ ಮಾನಸಿಕ ಆರೋಗ್ಯ ಕಾಯದೆಯಂತೆ ಹದಿನೆಂಟರೊಳಗಿನ ಮಗುವನ್ನು ಮಾನಸಿಕ ಆಸ್ಪತ್ರೆಯಲ್ಲಿ ಇಡಬೇಕಾದರೆ ಒಬ್ಬ ಡಾಕ್ಟರನ ಮಾತು ಸಾಲದು. ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಮಗುವನ್ನು ದೊಡ್ಡವರೊಡನೆ ಇಡಕೂಡದು. ಪಾಲಕರು ಜೊತೆಗಿರಬೇಕು. ಪಾಲಕರ ಒಪ್ಪಿಗೆಯಿಂದಲೇ ಉಪಚಾರ ನಡೆಯಬೇಕು.

ಕೊನೆಗೆ ಕೂಡಿ ಕೇಳಬೇಕಾದ ಮಾತು. ೧೯೮೦ರ ದಶಕದಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗದ ಉಪಚಾರವನ್ನು ಹಳ್ಳಿಯ ಸಮೀಪಕ್ಕೆ ತಂದು ತೋರಿಸಿದರು. ೧೯೯೬ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಗೆ ಆ ಬಳ್ಳಾರಿಯೇ ಮಾದರಿಯಾಯಿತು. ಕನ್ನಡ ನೆಲದಲ್ಲಿ ಹುಟ್ಟಿದ ಪದ್ಧತಿ ಅದು. ನಮ್ಮ ಘಟಪ್ರಭೆಯಲ್ಲಿಯೂ ಹಿರಿಯರು ಆರೋಗ್ಯಧಾಮ ಕಟ್ಟಿ ಬಡವರ ಹತ್ತಿರ ವೈದ್ಯವನ್ನು ತಂದವರೇ. ಆದ್ದರಿಂದ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕುಗಳಲ್ಲಿ ಗೊತ್ತಾದ ದಿನ ಮಕ್ಕಳ ಮನಸ್ಸು ಬಲ್ಲ ಡಾಕ್ಟರರು ಬಂದು ಕುಳಿತುಕೊಳ್ಳಲಿ. ಗುಳಿಗೆ ತಿನ್ನುವ ಪ್ರತಿಯೊಂದು ಮಗುವಿನ ತೂಕ, ರಕ್ತಪರೀಕ್ಷೆ ಪುಕ್ಕಟೆಯಾಗಿ ಆಗಲಿ. ಶಾಲೆಗಳಿಗೆ ಮಕ್ಕಳ ಮಾತು ಕೇಳುವ ತಿಳಿದವರು ಬರಲಿ ಎಂದು ಕೇಳುವ ಅರ್ಜಿ ಸಿದ್ಧವಾಗಿದೆ. ಇಂದು ಸಭೆ ಮುಗಿದ ಮೇಲೆ ಓದಿ ನೋಡಿ, ಒಪ್ಪಿಗೆಯಾದವರು ಸಹಿ ಮಾಡಿರಿ.

ಕಿರಿಚುವ ಮಗು ಸುಮ್ಮನಾದರೆ ನಮಗೆ ನಿದ್ದೆ ಬರುತ್ತದೆ, ನಿಜ. ಎರಡು ಪಾಳಿ ದುಡಿದು ಬಂದವನಿಗೆ ಆ ನಿದ್ದೆಯ ಬೆಲೆ ಗೊತ್ತು. ಆದರೆ ಅದು ಗುಣವಾಗಿ ಸುಮ್ಮನಾಯಿತೋ, ಮಂಕಾಗಿ ಸುಮ್ಮನಾಯಿತೋ ಎಂಬುದನ್ನು ಕಂಪನಿ ನೋಡುವುದಿಲ್ಲ, ಐದು ನಿಮಿಷದ ಡಾಕ್ಟರನಿಗೆ ನೋಡಲು ಆಗುವುದಿಲ್ಲ. ಅದನ್ನು ನಾವೇ ನೋಡಬೇಕು, ನೋಡಿದ್ದನ್ನು ಬಾಯಿಬಿಟ್ಟು ಹೇಳಬೇಕು.